ತೊಪ್ಪೂರು ಘಟ್ಟದಲ್ಲಿ ನಿಂತ ಎಂಜಿನ್ನು

ಓಡುವ ಕಾರು ದಾರಿಯಲ್ಲಿ ಕೆಟ್ಟು ನಿಂತ ಕಥೆಗಳನ್ನು ಓದುಗರು ಬೇಕಾದಷ್ಟು ಕೇಳಿರಬಹುದು. ನಮ್ಮ ಕಾರಿನ ಕಾಯಿಲೆ ಬೇರೆ ಬಗೆಯದಾಗಿತ್ತು. ಓಡುವಷ್ಟು ಹೊತ್ತೂ ಅದು ಸುಖವಾಗಿ ಓಡುತ್ತಿತ್ತು. ನಿಲ್ಲಿಸೋಣವೆಂದು ಕಾಲಿಟ್ಟರೆ ಮಾತ್ರ, ಗಾಲಿಗಳು ನಿಲ್ಲುವುದಕ್ಕೆ ಮೊದಲೇ ಎಂಜಿನ್ನು ನಿಂತುಬಿಡುತ್ತಿತ್ತು. 1998ನೆಯ ಇಸವಿಯ ಮೇ ತಿಂಗಳಿನಲ್ಲಿ, ಸೋದರತ್ತೆಯ ಮೊಮ್ಮಗಳ ಮದುವೆಗೆಂದು ನಾವು ಹೊಸೂರಿನಿಂದ ಸೇಲಂಗೆ ಹೊರಟ ದಿನ ಈ ಕಾಯಿಲೆ ಪ್ರಕಟವಾಯಿತು. ದಾರಿ ಸುಮಾರು ನೂರ ಅರುವತ್ತು ಕಿಲೋಮೀಟರು. ಬೆಳಗಿನ ಆರು ಗಂಟೆಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಅತ್ತೆಯ ಮನೆಯಲ್ಲಿರಬೇಕಿತ್ತು. ತಲುಪಿದಾಗ ರಾತ್ರಿ ಒಂಬತ್ತೂವರೆ.

ಕಾರು ಯಾವ ಕಂಪೆನಿಯದೆಂಬುದನ್ನು ಇಲ್ಲಿ ಹೇಳುವುದಿಲ್ಲ. ಹತ್ತು ವರ್ಷ ದುಡಿದ ವಾಹನದ ಮುಪ್ಪಿಗೆ ಅದನ್ನು ಹೆತ್ತವರನ್ನು ದೂರುವುದು ಧರ್ಮವಲ್ಲ. ಪೆಟ್ರೋಲಿನದು, ಕಾರ್ಬುರೇಟರಿನ ಕಾಲದ್ದು, ಬ್ರೇಕನ್ನು ಹಗುರವಾಗಿ ಒತ್ತಿದರೂ ಬಲವಾಗಿ ಹಿಡಿಯುವಂತೆ ಮಾಡುವ ‘ಬೂಸ್ಟರ್’ ಎಂಬ ಸಾಧನವುಳ್ಳದ್ದು ಎಂದರೆ ಸಾಕು. ಒಳಗೆ ನಾವು, ನಮ್ಮ ಮನೆಯವರು, ಎಪ್ಪತ್ತೆರಡು ವರ್ಷದ ನಮ್ಮ ತಾಯಿ, ಇಬ್ಬರು ಮಕ್ಕಳು. ಮುಂದಿನ ಆಸನದಲ್ಲಿ ಭಾವನವರು. ಭಾವನವರು ಸರಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತೆಗಿರಿ ಮಾಡಿ ನಿವೃತ್ತರಾದವರು. ಎಂದೂ ಕಾರು ನಡೆಸಿದವರಲ್ಲವಾದರೂ ಸಕಲ ಯಂತ್ರಗಳ ವಿಷಯದಲ್ಲೂ ನಿಶ್ಚಿತವಾದ ಅಭಿಪ್ರಾಯವುಳ್ಳವರು.

ಹೊಸೂರಿನ ಬಸ್ ನಿಲ್ದಾಣದ ಎದುರು ಪೋಲೀಸಿನವರು ಕೈತೋರಿಸಿ ತಡೆದಾಗ ಎಂಜಿನ್ನು ಮೊದಲ ಸಲ ನಿಂತಿತು. ಕೀಲಿ ತಿರುಗಿಸಿದೊಡನೆ ಮತ್ತೆ ಹೊತ್ತಿಕೊಂಡದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ‘ಬೆಳಗಿನ ತಣಿವು’ ಎಂದರು ಭಾವನವರು. ಮೇ ತಿಂಗಳ ಹೊಸೂರಿನಲ್ಲಿ ತಣಿವೆಂಬುದು ಎಲ್ಲಿಂದ ಬರಬೇಕು ಎಂದು ಯಾರೂ ಕೇಳಲಿಲ್ಲ.

ಈ ದಾರಿಯ ಸ್ವಭಾವವನ್ನು ಮೊದಲು ಹೇಳಬೇಕು. ಹೊಸೂರು ಸಮುದ್ರ ಮಟ್ಟದಿಂದ ಸುಮಾರು ಒಂಬೈನೂರು ಮೀಟರು ಎತ್ತರದಲ್ಲಿದೆ. ಸೇಲಂ ಮುನ್ನೂರು ಮೀಟರಿಗೂ ಕಡಿಮೆ. ಮೈಸೂರಿನ ಪ್ರಸ್ಥಭೂಮಿ ತಮಿಳು ಬಯಲಿಗೆ ಒಮ್ಮೆಲೇ ಜಾರದೆ ಮೆಟ್ಟಲು ಮೆಟ್ಟಲಾಗಿ ಇಳಿಯುತ್ತದೆ. ಶೂಲಗಿರಿಯ ಬಂಡೆಬೆಟ್ಟವನ್ನು ದಾಟಿದ ಮೇಲೆ ಕೃಷ್ಣಗಿರಿಯವರೆಗೆ ಒಂದು ಇಳಿತ. ಅಲ್ಲಿಂದ ಧರ್ಮಪುರಿಯವರೆಗೆ ಹೆಚ್ಚು ಕಡಿಮೆ ಸಮತಟ್ಟು. ಆಮೇಲೆ ತೊಪ್ಪೂರಿನ ಬಳಿ ಗುಡ್ಡಗಳ ನಡುವಿನಿಂದ ಕೊನೆಯ ದೊಡ್ಡ ಇಳಿತ. ಹೋಗುವಾಗ ಎಂಜಿನ್ನಿಗೆ ಹೆಚ್ಚು ಕೆಲಸವಿಲ್ಲ, ಕೆಲಸವೆಲ್ಲ ಬ್ರೇಕಿಗೆ. ಈ ಸಣ್ಣ ಸಂಗತಿಯನ್ನು ನಾವು ಆ ದಿನ ಬೆಳಿಗ್ಗೆಯೇ ಯೋಚಿಸಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಇದೇ ಮೆಟ್ಟಲುಗಳನ್ನು ಇಳಿದು ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಈ ಸೀಮೆಗೆ ಬಂದಿತು. ಅನಂತರ ಹೈದರನೂ ಟಿಪ್ಪುವೂ ಆಳಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು, ಸೇಲಂ ಸೀಮೆಗಳು ಕಂಪೆನಿ ಸರಕಾರದ ಕೈಸೇರಿದುವು. ಅದನ್ನು ವ್ಯವಸ್ಥೆಗೊಳಿಸಲು ಬಂದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನ ಸಹಾಯಕನಾಗಿ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ಏಳು ವರ್ಷಗಳಷ್ಟು ಕಾಲ ಕಳೆದನು. ಕಾಸರಗೋಡಿನ ಕಡೆಯ ಓದುಗರಿಗೆ ಈ ಹೆಸರು ಪರಿಚಿತ. 1799ರಲ್ಲಿ ಕೆನರಾ ಸೀಮೆಯ ಕಂದಾಯ ನಿಗದಿ ಮಾಡಲು ಹೋದವನು ಈತನೇ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು, ನಾವೂ ಉಳಿದೆವು. ನಾವು ಪ್ರಯಾಣ ಮಾಡಿದ ಕಾಲಕ್ಕೆ ಹೊಸೂರೂ ಕೃಷ್ಣಗಿರಿಯೂ ಧರ್ಮಪುರಿ ಜಿಲ್ಲೆಯೊಳಗೇ ಇದ್ದುವು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ.

ಕೃಷ್ಣಗಿರಿಗೆ ಇಳಿಯುವಾಗ ಎಂಜಿನ್ನು ಇನ್ನೂ ಎರಡು ಬಾರಿ ನಿಂತಿತು. ಊರಿನೊಳಗೆ ಕಾಫಿಗೆ ನಿಲ್ಲಿಸಿದಾಗ ಮತ್ತೊಮ್ಮೆ. ನಮ್ಮ ಹಿರಿಯ ಮಗ, ಆಗ ಎಂಟು ವರ್ಷದವನು, ಎರಡು ಆಸನಗಳ ನಡುವೆ ನಿಂತು ಬರುತ್ತಿದ್ದವನು, ‘ಅಪ್ಪಾ, ಕಾರಿನೊಳಗೆ ಹಾವಿದೆ’ ಎಂದ. ಹಿಂದೆ ಕುಳಿತವರೆಲ್ಲ ಕಾಲು ಮೇಲೆತ್ತಿಕೊಂಡರು. ಮ್ಯಾಟುಗಳನ್ನೆಲ್ಲ ತೆಗೆದು ಕೊಡವಿ ನೋಡಿದೆವು. ಹಾವಿರಲಿಲ್ಲ. ‘ಬುಸ್ ಅಂತು’ ಎಂದು ಅವನು ಹಟ ಹಿಡಿದ. ಸುಳ್ಳು ಹೇಳಬಾರದೆಂದು ಅವನಿಗೆ ಬೈಗುಳವೂ ಸಿಕ್ಕಿತು.

ಕೃಷ್ಣಗಿರಿಯಲ್ಲಿ ಮಾವಿನ ಮಂಡಿಗಳ ಬಳಿ ಒಬ್ಬ ಮೆಕ್ಯಾನಿಕ್ ಸಿಕ್ಕ. ರಸ್ತೆಯ ಎರಡೂ ಬದಿಗೆ ಹಣ್ಣಿನ ರಾಶಿ, ಮೇಲೆ ನೊಣ, ನಡುವೆ ಅವನ ತಗಡಿನ ಚಪ್ಪರ. ಬಾನೆಟ್ ಎತ್ತಿ, ಎರಡು ಕ್ಷಣ ಕಿವಿಗೊಟ್ಟು, ತಿರುಪುಳಿಯಿಂದ ಕಾರ್ಬುರೇಟರಿನ ಒಂದು ತಿರುಪನ್ನು ಅರ್ಧ ಸುತ್ತು ತಿರುಗಿಸಿದ. ‘ಸ್ಲೋ ಕಡಿಮೆಯಾಗಿತ್ತು, ಏರಿಸಿದ್ದೇನೆ’ ಎಂದ. ಕಾಲು ತೆಗೆದಾಗಲೂ ಎಂಜಿನ್ನು ಆರದಂತೆ ತಿರುಗುತ್ತಿರಬೇಕಾದ ಕನಿಷ್ಠ ವೇಗವನ್ನು ನಮ್ಮ ಗ್ಯಾರೇಜುಗಳಲ್ಲಿ ‘ಸ್ಲೋ’ ಎಂದೇ ಕರೆಯುವುದು ರೂಢಿ. ನಿಮಿಷಕ್ಕೆ ಏಳೆಂಟುನೂರು ಸುತ್ತು ತಿರುಗಬೇಕಾದ ನಮ್ಮ ಎಂಜಿನ್ನು ಈಗ ಜಾತ್ರೆಯ ಎತ್ತಿನಂತೆ ನಿಂತಲ್ಲೇ ಹೂಂಕರಿಸತೊಡಗಿತು. ಹತ್ತು ರೂಪಾಯಿ ಕೊಟ್ಟು, ಒಂದು ಬುಟ್ಟಿ ಮಾವಿನಹಣ್ಣು ಕೊಂಡು, ರೋಗ ಗುಣವಾಯಿತೆಂಬ ಸಂತೋಷದಿಂದ ಹೊರಟೆವು. ಆ ಸಂತೋಷ ಧರ್ಮಪುರಿಯ ಹೊರವಲಯದಲ್ಲಿ ಒಂದು ಎಮ್ಮೆಯ ಹಿಂಡು ಅಡ್ಡ ಬರುವವರೆಗೆ ಉಳಿಯಿತು. ಬ್ರೇಕನ್ನು ಜೋರಾಗಿ ಒತ್ತಿದೆವು. ಎಂಜಿನ್ನು ನಿಂತಿತು.

ಧರ್ಮಪುರಿಯಲ್ಲಿ ಎರಡನೆಯ ಮೆಕ್ಯಾನಿಕ್. ಈತ ಮೊದಲಿನವನಿಗಿಂತ ಶ್ರದ್ಧಾವಂತ. ‘ಎರಡು ಗಂಟೆ ಬೇಕು, ಎಲ್ಲ ಬಿಚ್ಚಿ ನೋಡುತ್ತೇನೆ’ ಎಂದ. ಆ ಎರಡು ಗಂಟೆಯನ್ನು ವ್ಯರ್ಥ ಮಾಡಬಾರದೆಂದು ನಾವು ಆಟೋ ಹಿಡಿದು ಕೋಟೆಯ ದೇವಾಲಯಗಳಿಗೆ ಹೋದೆವು.

ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಮ ಕಾಲದ ಅದಿಯಮಾನ್ ನೆಡುಮಾನ್ ಅಂಜಿಯ ರಾಜಧಾನಿ. ಆಯುಷ್ಯವನ್ನು ಹೆಚ್ಚಿಸುವ ಅಪೂರ್ವವಾದ ನೆಲ್ಲಿಕಾಯಿ ದೊರೆತಾಗ ತಾನು ತಿನ್ನದೆ ಕವಯಿತ್ರಿ ಔವೈಯಾರಳಿಗೆ ಕೊಟ್ಟನೆಂದು ತಮಿಳರು ಇಂದಿಗೂ ಕೊಂಡಾಡುವ ದೊರೆ ಅವನು. ಆದರೆ ಕನ್ನಡಿಗರಿಗೆ ಈ ಊರು ಬೇರೊಂದು ಕಾರಣಕ್ಕಾಗಿಯೂ ನೆನಪಿರಬೇಕು. ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ನೊಳಂಬರು ಆಳಿದರು. ಆ ಶತಮಾನದ ಕೊನೆಯ ಭಾಗದಲ್ಲಿ, ನೊಳಂಬ ಮಹೇಂದ್ರನ ಕಾಲದಲ್ಲಿ, ತಗಡೂರಿನ ಜೈನ ಬಸದಿಗೆ ದತ್ತಿ ಬಿಟ್ಟ ಸಂಗತಿಯನ್ನು ಹೇಳುವ ಕನ್ನಡ ಶಾಸನ ಈ ಊರಿನದು. ಕೋಟೆಯಲ್ಲಿ ಮಲ್ಲಿಕಾರ್ಜುನ, ಕಾಮಾಕ್ಷಿ ದೇವಾಲಯಗಳು ಅಕ್ಕಪಕ್ಕದಲ್ಲಿವೆ. ಮಲ್ಲಿಕಾರ್ಜುನನ ಗುಡಿಯ ಮಂಟಪದಲ್ಲಿ ಕತ್ತೆತ್ತಿ ನೋಡಿದರೆ ತಮ್ಮ ತಮ್ಮ ವಾಹನಗಳ ಮೇಲೆ ಕುಳಿತ ಅಷ್ಟದಿಕ್ಪಾಲಕರು. ಆನೆ, ಟಗರು, ಕೋಣ, ಮೊಸಳೆ ಎಂದು ಮಕ್ಕಳಿಗೆ ತೋರಿಸುತ್ತಿರುವಾಗ ನಮ್ಮ ತಾಯಿ, ‘ಇವರ ವಾಹನಗಳಿಗೆ ಮೆಕ್ಯಾನಿಕ್ ಬೇಡ ನೋಡು’ ಎಂದರು.

ಹಿಂದಿರುಗಿದಾಗ ಕಾರ್ಬುರೇಟರು ಬಿಚ್ಚಿ ತೊಳೆದು ಜೋಡಿಸಲ್ಪಟ್ಟಿತ್ತು. ಕೂದಲೆಳೆಯಷ್ಟು ಸಣ್ಣ ರಂಧ್ರದ ಜೆಟ್ಟುಗಳನ್ನು ಊದಿ ಸ್ವಚ್ಛ ಮಾಡಲಾಗಿತ್ತು. ಪ್ಲಗ್ಗುಗಳನ್ನು ಉಜ್ಜಿ, ಸುಟ್ಟು ಕರಕಲಾಗಿದ್ದ ಪಾಯಿಂಟು ಬದಲಿಸಿ ಅದರ ಸಂದನ್ನು ಅಳೆದು ಕೂರಿಸಿದ್ದ. ಒಂದರಲ್ಲೂ ಅವನು ಮೋಸ ಮಾಡಿರಲಿಲ್ಲ. ಅವೆಲ್ಲ ಮಾಡಿಸಬೇಕಾಗಿದ್ದ ಕೆಲಸಗಳೇ. ಕೃಷ್ಣಗಿರಿಯವನು ಏರಿಸಿದ್ದ ಸ್ಲೋವನ್ನು ಮತ್ತೆ ಸರಿಯಾದ ಮಟ್ಟಕ್ಕೆ ಇಳಿಸಿದ್ದ. ಚಪ್ಪರದ ನೆರಳಿನಲ್ಲಿ ನಿಂತ ಎಂಜಿನ್ನು ಹೊಲಿಗೆಯ ಯಂತ್ರದಂತೆ ನುಣ್ಣಗೆ ತಿರುಗುತ್ತಿತ್ತು. ನಾವು ಅದನ್ನು ನೋಡಿದೆವು, ಅವನೂ ನೋಡಿದ, ಭಾವನವರು ತಲೆದೂಗಿದರು. ಯಾರ ಕಾಲೂ ಬ್ರೇಕಿನ ಮೇಲಿರಲಿಲ್ಲ.

ಸಾಯಂಕಾಲ ಐದೂವರೆಗೆ ಧರ್ಮಪುರಿ ಬಿಟ್ಟೆವು. ಆಗಿನ ಏಳನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ ಇಂದಿನಂತೆ ನಾಲ್ಕು ಪಥದ್ದಲ್ಲ. ಹೋಗುವವರಿಗೂ ಬರುವವರಿಗೂ ಒಂದೇ ರಸ್ತೆ. ತೊಪ್ಪೂರು ಘಟ್ಟವನ್ನು ನೋಡದವರಿಗೆ ಹೇಳಬೇಕಾದ ಮಾತೆಂದರೆ ಅದು ಹೆದರಿಸುವ ಘಟ್ಟವಲ್ಲ. ಏರ್ಕಾಡಿಗೆ ಸೇಲಂನಿಂದ ಹತ್ತುವಾಗ ಇಪ್ಪತ್ತು ಹೆಣ್ಣುತಿರುವುಗಳು ಸಿಗುತ್ತವೆ. ಒಂದೊಂದಕ್ಕೂ ಸಂಖ್ಯೆಯ ಹಲಗೆಯಿದೆ. ಎಂಥ ಅಜಾಗರೂಕನೂ ಅಲ್ಲಿ ಎಚ್ಚರದಿಂದಿರುತ್ತಾನೆ. ತೊಪ್ಪೂರಿನಲ್ಲಿ ಹಾಗಲ್ಲ. ಕುರುಚಲು ಕಾಡಿನ ಗುಡ್ಡಗಳ ನಡುವೆ ರಸ್ತೆ ಉದ್ದಕ್ಕೆ, ಅಗಲವಾಗಿ, ಸಾವಧಾನವಾಗಿ ಬಾಗುತ್ತ ಇಳಿಯುತ್ತ ಹೋಗುತ್ತದೆ. ಇಳಿಯುತ್ತಿದ್ದೇವೆಂಬುದೇ ಮರೆತುಹೋಗುತ್ತದೆ. ಹೊರೆ ಹೊತ್ತ ಲಾರಿಗಳು ಇಲ್ಲಿ ಡೀಸೆಲ್ ಉಳಿಸಲೆಂದು ಗೇರು ತಪ್ಪಿಸಿ, ಕೆಲವರಂತೂ ಎಂಜಿನ್ನನ್ನೇ ಆರಿಸಿ, ಸುಮ್ಮನೆ ಉರುಳಿಬಿಡುತ್ತವೆ. ಲೀಟರೊಂದೆರಡು ಉಳಿಯಬಹುದು. ಲಾರಿಯ ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವುದು ಎಂಜಿನ್ನಿನಿಂದ ನಡೆಯುವ ಪಂಪು. ಎಂಜಿನ್ನು ಆರಿದರೆ ಇದ್ದ ಗಾಳಿ ಮುಗಿಯುವವರೆಗೆ ಮಾತ್ರ ಬ್ರೇಕು.

ಘಟ್ಟದ ನಡುಭಾಗದಲ್ಲಿ ನಮ್ಮ ಮುಂದೆ ಕಬ್ಬಿಣದ ಸರಳುಗಳನ್ನು ಹೊತ್ತ ಲಾರಿಯೊಂದು ಆಮೆಯ ನಡಿಗೆಯಲ್ಲಿ ಇಳಿಯುತ್ತಿತ್ತು. ಸರಳುಗಳು ಹಿಂದಕ್ಕೆ ಚಾಚಿಕೊಂಡಿದ್ದುವು. ತುದಿಗೆ ಒಂದು ಕೆಂಪು ಬಟ್ಟೆ. ಎದುರಿನಿಂದ ಬಸ್ಸು ಬರುತ್ತಿದ್ದುದರಿಂದ ಲಾರಿಯನ್ನು ಹಿಂದೆ ಹಾಕುವಂತಿರಲಿಲ್ಲ. ಗೇರು ಇಳಿಸಲೆಂದು ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ಒತ್ತಿದೆವು. ಎಂಜಿನ್ನು ಆರಿದ್ದು ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಎದುರಿನ ಫಲಕದಲ್ಲಿ ಕೆಂಪು ದೀಪ ಹತ್ತಿದ್ದನ್ನು ಕಂಡೆವು. ಬ್ರೇಕನ್ನು ಬಿಟ್ಟು ಮತ್ತೊಮ್ಮೆ ಒತ್ತಿದಾಗ ಪೆಡಲು ಕಲ್ಲಾಗಿತ್ತು.

ಕಲ್ಲಾಗಿತ್ತು ಎಂಬುದು ಅಲಂಕಾರದ ಮಾತಲ್ಲ. ಇಡೀ ಮೈಭಾರ ಹಾಕಿದರೂ ಅದು ಒಂದಂಗುಲ ಇಳಿಯಲಿಲ್ಲ. ಆ ಕೆಂಪು ಬಟ್ಟೆ ಹತ್ತಿರ ಹತ್ತಿರ ಬರುತ್ತಿತ್ತು. ಗೇರನ್ನು ಎರಡಕ್ಕೆ ತಳ್ಳಿ ಕ್ಲಚ್ಚನ್ನು ಬಿಟ್ಟದ್ದು ಬುದ್ಧಿಯಿಂದಲ್ಲ, ಕೈಕಾಲುಗಳ ರೂಢಿಯಿಂದ. ಕಾರು ಒಮ್ಮೆ ಕುಪ್ಪಳಿಸಿ ಗೊಗ್ಗರ ದನಿಯಲ್ಲಿ ಅರಚಿತು, ವೇಗ ಮುರಿಯಿತು. ಎರಡೂ ಕಾಲುಗಳನ್ನು ಬ್ರೇಕಿನ ಮೇಲೆ ಊರಿದೆವು. ಭಾವನವರು, ಯಾರೂ ಹೇಳದೆಯೇ, ಹ್ಯಾಂಡ್‌ಬ್ರೇಕನ್ನು ಎರಡು ಕೈಗಳಿಂದ ಎಳೆದು ಹಿಡಿದರು. ಅವರು ಯಂತ್ರಗಳ ಬಗ್ಗೆ ಹೇಳಿದ ಮಾತುಗಳನ್ನೆಲ್ಲ ಆ ಒಂದು ಕ್ಷಣಕ್ಕಾಗಿ ಕ್ಷಮಿಸಿದ್ದೇವೆ. ಎಡಬದಿಯ ಮಣ್ಣಿನ ಮೇಲೆ, ಗುಡ್ಡದ ಕಡೆಗೆ ಒರಗಿಕೊಂಡು ಕಾರು ನಿಂತಿತು. ಹಿಂದೆ ನಮ್ಮ ತಾಯಿ ಇಬ್ಬರು ಮಕ್ಕಳನ್ನೂ ತೋಳುಗಳಲ್ಲಿ ಅವುಚಿಕೊಂಡಿದ್ದರು. ಮಾವಿನಹಣ್ಣುಗಳು ಮಾತ್ರ ಕಾಲಡಿಯಲ್ಲಿ ಉರುಳುತ್ತಿದ್ದುವು.

ನಮ್ಮ ಹಿಂದಿದ್ದ ಲಾರಿಯವನು ತನ್ನ ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದು ಬಂದ. ಅವನ ಕ್ಲೀನರ್ ಹುಡುಗ ನಾವು ಬಾಗಿಲು ತೆರೆಯುವ ಮೊದಲೇ ಒಂದು ಗುಂಡುಕಲ್ಲನ್ನು ತಂದು ಮುಂಗಾಲಿಯ ಕೆಳಗೆ ಒತ್ತರಿಸಿದ. ಲಾರಿ ಸಂಕಗಿರಿಯದು. ಸಂಕಗಿರಿ, ನಾಮಕ್ಕಲ್ಲು, ತಿರುಚ್ಚೆಂಗೋಡುಗಳೆಂದರೆ ಲಾರಿಗಳ ತವರು. ಅಲ್ಲಿ ಗಾಡಿಯ ಮರ್ಮ ತಿಳಿಯದ ಮನೆಯೇ ಅಪರೂಪವೆನ್ನಬಹುದು. ನಡುವಯಸ್ಸಿನ ಆ ಚಾಲಕ ನಮ್ಮ ತಾಯಿಗೆ ಕುಡಿಯಲು ನೀರು ಕೊಟ್ಟ ಮೇಲೆ ನಮ್ಮ ಕಥೆಯನ್ನೆಲ್ಲ ಕೇಳಿದ. ಅನಂತರ ತಮಿಳಿನಲ್ಲಿ ಒಂದೇ ಒಂದು ಪ್ರಶ್ನೆ ಹಾಕಿದ:

‘ಗಾಡಿ ನಿಂತಾಗ ಎಂಜಿನ್ ನಿಲ್ಲುತ್ತದೆಯೋ, ಬ್ರೇಕ್ ಒತ್ತಿದಾಗ ನಿಲ್ಲುತ್ತದೆಯೋ?’

‘ಎರಡೂ ಒಂದೇ ಅಲ್ಲವೆ?’ ಎಂದರು ಭಾವನವರು.

‘ಒಂದೇ ಆಗಿದ್ದರೆ ನಾನು ಯಾಕೆ ಕೇಳುತ್ತಿದ್ದೆ ಸಾರ್?’

ಕಲ್ಲಿನ ಆಸರೆಯಲ್ಲಿ ನಿಂತ ಕಾರಿನ ಎಂಜಿನ್ನನ್ನು ಹೊತ್ತಿಸಲು ಹೇಳಿದ. ಹೊತ್ತಿತು; ಬ್ರೇಕನ್ನು ಮುಟ್ಟದಿದ್ದರೆ ಐದು ನಿಮಿಷವಾದರೂ ನುಣ್ಣಗೆ ತಿರುಗುತ್ತಿತ್ತು. ಈಗ ಒತ್ತಿ ಎಂದ. ಒತ್ತಿದೆವು, ಎಂಜಿನ್ನು ನಡುಗಿ ಆರಿಹೋಯಿತು. ಮೂರು ಬಾರಿ ಮಾಡಿಸಿದ, ಮೂರು ಬಾರಿಯೂ ಹಾಗೆಯೇ. ಅಷ್ಟರಲ್ಲಿ ನಮ್ಮ ಮಗ ಹಿಂದಿನಿಂದ ಮೆಲ್ಲಗೆ, ‘ಅದೇ ಅಪ್ಪಾ ಹಾವು’ ಎಂದ. ಈ ಸಲ ನಮಗೂ ಕೇಳಿಸಿತು. ಪೆಡಲನ್ನು ಒತ್ತಿದಾಗಲೆಲ್ಲ ಅದರ ಆಚೆಯಿಂದ ‘ಸ್ಸ್’ ಎಂದು ಗಾಳಿ ಎಳೆದುಕೊಳ್ಳುವ ಸದ್ದು.

‘ಎಂಜಿನ್ ವೈದ್ಯರಿಗೆ ತೋರಿಸಬೇಡಿ. ಬ್ರೇಕ್ ನೋಡುವವನಿಗೆ ತೋರಿಸಿ’ ಎಂದ ಚಾಲಕ. ಉಳಿದ ಘಟ್ಟವನ್ನು ತಾನು ಮುಂದೆ, ನಾವು ಹಿಂದೆ, ಒಂದನೆಯ ಎರಡನೆಯ ಗೇರುಗಳಲ್ಲಿ, ಕ್ಲಚ್ಚನ್ನು ಆದಷ್ಟು ಒತ್ತದೆ, ಗೇರಿನ ಬಲದಿಂದಲೇ ಇಳಿಸಿದ. ಗಾಲಿಗಳು ಎಂಜಿನ್ನಿಗೆ ಜೋಡಿಸಿಕೊಂಡಿರುವಷ್ಟು ಹೊತ್ತು ಅದು ಆರುವಂತಿಲ್ಲ. ಕೆಳಗೆ ಬಯಲಿಗೆ ಬಂದ ಮೇಲೆ ಕೈಬೀಸಿ ಹೋದವನ ಹೆಸರನ್ನೂ ಕೇಳದೆ ಹೋದೆವು. ಗಾಲಿಗೆ ಇಟ್ಟಿದ್ದ ಕಲ್ಲನ್ನು ಮಾತ್ರ ಕ್ಲೀನರ್ ಹುಡುಗ ನಮ್ಮ ಡಿಕ್ಕಿಯಲ್ಲಿ ಹಾಕಿದ್ದ. ಆ ಬಯಲಿನಲ್ಲಿ ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಕಾರ್ಖಾನೆಗಳ ಕಣಗಳು ಬೆಳ್ಳಗೆ ಹರಡಿಕೊಂಡಿದ್ದುದನ್ನೂ, ಆಚೆಗೆ ಶೇರ್ವರಾಯನ್ ಬೆಟ್ಟಸಾಲು ನೀಲಿಗಟ್ಟಿದ್ದುದನ್ನೂ ನೋಡಿದ ನೆನಪಿದೆ. ವರ್ಣಿಸುವ ಮನಃಸ್ಥಿತಿ ಆಗ ಇರಲಿಲ್ಲ.

ಮರುದಿನ ಅತ್ತೆಯ ಮನೆಯವರು ತಿಳಿಸಿದ ಬ್ರೇಕ್ ಕೆಲಸದವನ ಅಂಗಡಿಗೆ ಹೋದೆವು. ಅಮ್ಮಾಪೇಟೆಯ ಕಡೆ, ಮಗ್ಗದ ಸದ್ದು ಕೇಳಿಸುವ ಒಂದು ಓಣಿ. ಭಾವನವರೊಡನೆ ನಾವು ಆಡುತ್ತಿದ್ದ ಮಾತನ್ನು ಕೇಳಿ ಆತ ಕಾರಿನ ಕೆಳಗಿನಿಂದ ತಲೆ ಹೊರಗೆ ಹಾಕಿ, ‘ಕನ್ನಡದೋರಾ ಸಾಮಿ? ನಮ್ಮನೇಲೂ ಇದೇ ಮಾತು’ ಎಂದ. ದೇವಾಂಗದವರು, ಮನೆದೇವರು ಚೌಡೇಶ್ವರಿ. ತಾತನವರೆಗೆ ನೇಯ್ಗೆ, ತಂದೆ ಮಿಲ್ಲಿನಲ್ಲಿ, ತಾನು ಸ್ಪ್ಯಾನರು ಹಿಡಿದವನು. ಸೇಲಂ, ಕೊಯಮತ್ತೂರು ಕಡೆಯ ದೇವಾಂಗರಲ್ಲಿ ಮನೆಮಾತು ಕನ್ನಡವಾಗಿ ಉಳಿದವರೂ ಇದ್ದಾರೆ, ತೆಲುಗಾಗಿ ಉಳಿದವರೂ ಇದ್ದಾರೆ. ಓದುಬರಹವೆಲ್ಲ ತಮಿಳಿನಲ್ಲಿ.

ಆತನ ಪರೀಕ್ಷೆಯನ್ನು ವಿವರವಾಗಿ ಬರೆಯುತ್ತೇವೆ; ಓದುಗರ ಮನೆಯಲ್ಲಿ ಕಾರಿದ್ದರೆ ಉಪಯೋಗಕ್ಕೆ ಬಂದೀತು. ಮೊದಲು ಎಂಜಿನ್ನನ್ನು ಆರಿಸಿ ಬ್ರೇಕನ್ನು ಐದಾರು ಬಾರಿ ಒತ್ತಿಸಿದ, ಪೆಡಲು ಬಿಗಿಯಾಯಿತು. ‘ಒತ್ತಿಡ್ಕೊಳಿ, ಬಿಡಬ್ಯಾಡಿ. ಈಗ ಸ್ಟಾರ್ಟ್ ಮಾಡಿ.’ ಬೂಸ್ಟರ್ ಚೆನ್ನಾಗಿದ್ದರೆ ಎಂಜಿನ್ನು ಹೊತ್ತಿದ ಕ್ಷಣದಲ್ಲಿ ಪೆಡಲು ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ನಮ್ಮದು ಇಳಿಯಲಿಲ್ಲ. ಎರಡನೆಯದಾಗಿ, ಎಂಜಿನ್ನಿನಿಂದ ಬೂಸ್ಟರಿಗೆ ಹೋಗುವ ಹೆಬ್ಬೆರಳು ಗಾತ್ರದ ರಬ್ಬರು ಕೊಳವೆಗೆ ಬಟ್ಟೆ ಸುತ್ತಿ ಇಕ್ಕಳದಿಂದ ಅಮುಕಿ ಹಿಡಿದ. ‘ಈಗ ಒತ್ತಿ.’ ಒತ್ತಿದೆವು, ಎಂಜಿನ್ನು ಅಲುಗಲಿಲ್ಲ. ಇಕ್ಕಳ ಬಿಟ್ಟ; ಎಂಜಿನ್ನು ಆರಿತು. ವಾದಕ್ಕೆ ಎಡೆಯೇ ಇರಲಿಲ್ಲ. ಕೊಳವೆ ಗಟ್ಟಿಯಾಗಿಯೇ ಇದ್ದುದರಿಂದ ದೋಷ ಬೂಸ್ಟರಿನ ಒಳಗೇ ಎಂದು ತೀರ್ಮಾನಿಸಿ ಅದನ್ನು ಇಳಿಸಿದ. ತಟ್ಟೆಯಗಲದ ಆ ಡಬ್ಬಿಯನ್ನು ಬಿಚ್ಚಿ ತೋರಿಸಿದಾಗ, ಒಳಗಿನ ರಬ್ಬರು ಪೊರೆ ಅಂಚಿನಲ್ಲಿ ಎರಡಂಗುಲ ಹರಿದಿತ್ತು.

ಈ ಡಬ್ಬಿಯ ಕಥೆ ಸರಳವಾದುದು. ಎಂಜಿನ್ನು ಉಸಿರೆಳೆದುಕೊಳ್ಳುವ ಕಡೆ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆಯಿರುತ್ತದೆ. ಪೊರೆಯ ಎರಡೂ ಬದಿಗೆ ಆ ನಿರ್ವಾತವನ್ನು ಕೊಟ್ಟಿಟ್ಟು, ಕಾಲು ಒತ್ತಿದಾಗ ಒಂದು ಬದಿಗೆ ಮಾತ್ರ ಹೊರಗಿನ ಗಾಳಿ ಬಿಟ್ಟರೆ, ವಾತಾವರಣದ ಭಾರವೇ ಪೊರೆಯನ್ನು ತಳ್ಳಿ ನಮ್ಮ ಕಾಲಿಗೆ ನೆರವಾಗುತ್ತದೆ. ಬೆಲ್ಜಿಯಮಿನ ಎಂಜಿನಿಯರ್ ಆಲ್ಬರ್ಟ್ ಡಿವಾಂಡ್ರ್ ಎಂಬಾತ 1920ರ ದಶಕದಲ್ಲಿ ರೂಪಿಸಿದ ಉಪಾಯವಿದು. ಪೊರೆ ಹರಿದರೆ ಆ ಗಾಳಿ ತಡೆಯಿಲ್ಲದೆ ಎಂಜಿನ್ನಿಗೇ ನುಗ್ಗುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿ ಸೇರಿದರೆ ಚೆನ್ನಾಗಿ ಉರಿಯುತ್ತದೆ. ಅತಿಯಾದರೆ ಹೊತ್ತುವುದೇ ಇಲ್ಲ. ಹಾಗಾದರೆ ವೇಗವಾಗಿ ಓಡುವಾಗ ಏಕೆ ಆರುವುದಿಲ್ಲವೆಂದು ಕೇಳಿದೆವು. ‘ಒಂದು ಲೋಟ ಮಜ್ಜಿಗೇಗೆ ಒಂದು ಲೋಟ ನೀರು ಹುಯ್ದರೆ ಕುಡಿಯಕ್ಕಾಗಲ್ಲ. ಒಂದು ಹಂಡೆ ಮಜ್ಜಿಗೇಗೆ ಹುಯ್ದರೆ ಯಾರಿಗೆ ಗೊತ್ತಾಗ್ತದೆ?’ ಎಂದ. ನಿಂತಲ್ಲಿ 'ಸ್ಲೋ'ದಲ್ಲಿರುವ ಎಂಜಿನ್ನು ಒಂದು ಲೋಟದಷ್ಟು ಮಾತ್ರ ಉಸಿರಾಡುತ್ತದೆ.

ನೆನೆಸಿಕೊಂಡರೆ ಇಂದಿಗೂ ನಮಗೆ ನಾಚಿಕೆಯಾಗುವುದು ಇದರಿಂದ: ಕೆಲವು ತಿಂಗಳಿಂದ ನಮ್ಮ ಬ್ರೇಕು ಸ್ವಲ್ಪ ಸ್ವಲ್ಪವಾಗಿ ಬಿಗಿಯಾಗುತ್ತ ಬಂದಿತ್ತು. ವಯಸ್ಸಾಗುತ್ತಿದೆ, ಮೊಣಕಾಲಿನ ಬಲ ಕುಗ್ಗಿದೆ ಎಂದುಕೊಂಡು ಎಣ್ಣೆ ಹಚ್ಚಿಕೊಳ್ಳುತ್ತಿದ್ದೆವು. ಇನ್ನು ಆ ತಿರುಪನ್ನು ಏರಿಸಿದ ಚಿಕಿತ್ಸೆ. ಸ್ಲೋ ಏರಿಸಿದರೆ ಎಂಜಿನ್ನು ಆರುವುದು ತಪ್ಪಿ ರೋಗ ಕಣ್ಣಿಗೆ ಮರೆಯಾಗುತ್ತದೆ. ಹರಿದ ಪೊರೆ ಹರಿದೇ ಇರುತ್ತದೆ. ಎಮ್ಮೆಗಳು ಅಡ್ಡ ಬರದಿದ್ದರೆ ನಾವು ಗುಣವಾಯಿತೆಂದೇ ನಂಬಿ ಇನ್ನಷ್ಟು ವೇಗದಿಂದ ಘಟ್ಟ ಇಳಿಯುತ್ತಿದ್ದೆವು.

ಆತನಿಂದ ಕಲಿತ ಇನ್ನೊಂದೆರಡು ಮಾತು. ನಿಲ್ಲಿಸುವಾಗ ಆರುವ ಎಂಜಿನ್ನಿಗೆ ಕಾರಣಗಳು ಹಲವು. ಯಾವಾಗ ಆರುತ್ತದೆಂಬುದನ್ನು ಹಿಡಿದರೆ ಕಾರಣ ತಾನಾಗಿ ಸಿಗುತ್ತದೆ. ಬ್ರೇಕ್ ಮುಟ್ಟದೆ ಬರಿದೆ ಕಾಲು ತೆಗೆದಾಗಲೂ ಆರಿದರೆ ಕಾರ್ಬುರೇಟರಿನ ಸ್ಲೋ ಜೆಟ್ಟಿನ ಕಸವನ್ನೋ ಎಲ್ಲಾದರೂ ಗಾಳಿ ಸೋರುವ ಗ್ಯಾಸ್ಕೆಟ್ಟನ್ನೋ ಸಂಶಯಿಸಬೇಕು. ಮೆಲ್ಲಗೆ ನಿಲ್ಲಿಸಿದಾಗ ಸರಿಯಿದ್ದು, ಗಕ್ಕನೆ ನಿಲ್ಲಿಸಿದಾಗ ಮಾತ್ರ ಆರಿದರೆ ಕಾರ್ಬುರೇಟರಿನ ತೊಟ್ಟಿಯಲ್ಲಿ ಪೆಟ್ರೋಲಿನ ಮಟ್ಟ ಹೆಚ್ಚುಕಡಿಮೆಯಾಗಿ ತುಳುಕುತ್ತಿರಬಹುದು. ದೀಪ, ತಂಪು ಯಂತ್ರಗಳನ್ನು ಹಾಕಿದಾಗ ಮಾತ್ರವಾದರೆ ಆ ಹೊರೆಯನ್ನು ಹೊರುವಷ್ಟು ಸ್ಲೋ ಇಲ್ಲವೆಂದರ್ಥ. ನಿಂತ ಕಾರಿನಲ್ಲಿ ಪೆಡಲು ಒತ್ತಿದರೂ ಆರಿದರೆ, ನಮ್ಮ ಹಾವು. ಈಗಿನ ಕಾರುಗಳಲ್ಲಿ ಕಾರ್ಬುರೇಟರು ಇಲ್ಲ. ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರುಗಳೂ, ಸ್ಲೋವನ್ನು ತಾನೇ ಕಾಯುವ ಕಂಪ್ಯೂಟರೂ ಇವೆ. ಜೆಟ್ಟಿನ ಕಸದ ಬದಲು ಗಾಳಿ ಒಳಹೋಗುವ ಥ್ರಾಟಲಿನ ಬಾಯಿಗೆ ಕಟ್ಟಿದ ಮಸಿ ಅದೇ ಕೀಟಲೆ ಮಾಡುತ್ತದೆ. ಬೂಸ್ಟರಂತೂ ಬಹುಪಾಲು ಪೆಟ್ರೋಲು ಕಾರುಗಳಲ್ಲಿ ಹಾಗೆಯೇ ಇದೆ; ಲಾರಿಯವನ ಪ್ರಶ್ನೆಯೂ ಅಲ್ಲಿ ಹಾಗೆಯೇ ಸಲ್ಲುತ್ತದೆ.

ಹೊಸ ಬೂಸ್ಟರು ಸಾಯಂಕಾಲಕ್ಕೆ ಬಂದಿತು. ಕಾಯುತ್ತಿರುವಾಗ ಆತ ಮನೆಯಿಂದ ಒಂದು ಹಳೆಯ ಲೆಕ್ಕದ ಪುಸ್ತಕ ತರಿಸಿದ. ತಾತನದು, ಮನೆಯಲ್ಲಿ ಯಾರಿಗೂ ಓದಲು ಬಾರದು. ‘ಇದರಲ್ಲಿ ಏನು ಬರೆದೈತೆ ಹೇಳಿ ಸಾಮಿ, ಕನ್ನಡದ ಬರಹ’ ಎಂದ. ಬಹಳ ಗೌರವದಿಂದ ತೆರೆದೆವು. ತೆಲುಗು. ಪಕ್ಕದ ಮನೆಯ ತೆಲುಗು ದೇವಾಂಗದವರೊಬ್ಬರು ತಾತನ ಲೆಕ್ಕ ಬರೆಯುತ್ತಿದ್ದಿರಬೇಕು ಎಂದು ಆತನೇ ಸಮಾಧಾನ ಹೇಳಿಕೊಂಡ. ಕೂಡಿಸಿ ಓದಿದಷ್ಟರಲ್ಲಿ ನೂಲಿನ ಲೆಕ್ಕ ಎಂಬುದಷ್ಟು ತಿಳಿಯಿತು. ಆತನ ಮುಖದಲ್ಲಿ ಕಂಡ ನಿರಾಸೆಗೆ ನಮ್ಮಲ್ಲಿ ಬಿಡಿಭಾಗವಿರಲಿಲ್ಲ. ಊರಿಗೆ ಬಂದ ಮೇಲೆ ಒಂದು ಕನ್ನಡ ಅಕ್ಷರಮಾಲೆಯ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದೆವು. ಆತನ ಮಗಳು ತಮಿಳಿನಲ್ಲಿ ಬರೆದ ಕಾಗದವೊಂದು ಬಂದಿತ್ತು, ಅದರ ಕೆಳಗೆ ಸೊಟ್ಟ ಸೊಟ್ಟಗೆ ಕನ್ನಡದಲ್ಲಿ ಅವಳ ಹೆಸರು.

ಮದುವೆ ಚೆನ್ನಾಗಿ ನಡೆಯಿತು. ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಹಿಂದಿರುಗುವಾಗ ಹೊಸ ಬ್ರೇಕಿನ ಧೈರ್ಯದಿಂದ ಮೆಟ್ಟೂರಿನ ದಾರಿ ಹಿಡಿದೆವು. 1925ರಿಂದ 1934ರವರೆಗೆ ಕಟ್ಟಿದ ಈ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಕನ್ನಡ ಮಾತಿನ ಮನೆಗಳೂ ಇದ್ದುವು. ನೀರು ಬಹಳ ಇಳಿದ ವರ್ಷಗಳಲ್ಲಿ ಪನ್ನವಾಡಿಯ ಬಳಿ ಹಳೆಯ ಶಿವಾಲಯದ ನಂದಿಯೂ ಒಂದು ಇಗರ್ಜಿಯ ಗೋಪುರವೂ ನೀರಿನಿಂದ ಮೇಲೇಳುತ್ತವೆ. ಅಲ್ಲಿಂದ ಪೆನ್ನಾಗರದ ಮೇಲೆ ಹೊಗೇನಕಲ್ಲಿಗೆ. ಹೊಗೆಯ ಕಲ್ಲು ಎಂಬ ಆ ಹೆಸರಿಗೆ ಕನ್ನಡಿಗರಿಗೆ ನಿಘಂಟು ಬೇಡ. ಬಂಡೆಗಳ ಸಂದಿನಲ್ಲಿ ಧುಮುಕುವ ಕಾವೇರಿಯಿಂದ ಹೊಗೆ ಏಳುತ್ತಿರುವುದು ದೂರದಿಂದಲೇ ಕಾಣುತ್ತದೆ. ಪೆನ್ನಾಗರದಿಂದ ನದಿಗೆ ಇಳಿಯುವ ದಾರಿಯೂ ತಿರುವುಗಳ ಘಟ್ಟವೇ. ಒಂದೊಂದು ತಿರುವಿನಲ್ಲೂ ಬ್ರೇಕ್ ಒತ್ತುವಾಗ ಆರು ಜನರೂ ಮಾತು ನಿಲ್ಲಿಸಿ ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದೆವು.

ತೊಪ್ಪೂರು ಘಟ್ಟದಲ್ಲಿ ಅನಂತರ ಎಷ್ಟೋ ಬಾರಿ ಓಡಾಡಿದ್ದೇವೆ. ಹೆದ್ದಾರಿಗೆ ಈಗ ನಾಲ್ವತ್ತನಾಲ್ಕನೆಯ ನಂಬರು. ಹೋಗುವವರಿಗೂ ಬರುವವರಿಗೂ ಬೇರೆ ಬೇರೆ ಹಾದಿ. ಆದರೂ ಇಳಿತ ಇಳಿತವೇ. 2020ರ ಡಿಸೆಂಬರಿನಲ್ಲಿ ಹಿಡಿತ ತಪ್ಪಿದ ಲಾರಿಯೊಂದು ನಿಧಾನಗೊಂಡಿದ್ದ ವಾಹನಗಳ ಸಾಲಿಗೆ ನುಗ್ಗಿ ಹತ್ತಕ್ಕೂ ಹೆಚ್ಚು ವಾಹನಗಳು ನುಜ್ಜುಗುಜ್ಜಾದುವು, ನಾಲ್ವರು ತೀರಿಕೊಂಡರು. ಆ ಸುದ್ದಿಯನ್ನು ಓದಿದ ದಿನ ನಮ್ಮ ಮನೆಯವರು ಹಿತ್ತಲಿಗೆ ಹೋಗಿ ಬಂದರು. ಕ್ಲೀನರ್ ಹುಡುಗ ಡಿಕ್ಕಿಯಲ್ಲಿ ಹಾಕಿದ್ದ ಗುಂಡುಕಲ್ಲು ಅಲ್ಲಿ ಬಟ್ಟೆ ಒಗೆಯುವ ಕಟ್ಟೆಯ ಬಳಿ ಈಗಲೂ ಇದೆ.

ಆ ಪ್ರಯಾಣದ ಕೊನೆಗೆ, ಸಂಜೆ ಹೊಸೂರು ಸೇರಿದಾಗ, ಅದೇ ಬಸ್ ನಿಲ್ದಾಣದ ಎದುರು ಪೋಲೀಸಿನವರು ಮತ್ತೆ ಕೈತೋರಿಸಿದರು. ಬ್ರೇಕ್ ಒತ್ತಿದೆವು. ಕಾರು ನಿಂತಿತು, ಎಂಜಿನ್ನು ತಿರುಗುತ್ತಲೇ ಇತ್ತು. ಬಸ್ಸುಗಳ ಸಾಲು ಮುಗಿಯುವಂತೆ ಕಾಣಲಿಲ್ಲ. ಹಿಂದಿನಿಂದ ನಮ್ಮ ತಾಯಿ ಸ್ವಲ್ಪ ಹೊತ್ತು ನೋಡಿ, ‘ಯಾಕೋ ಮಗಾ, ಇನ್ನೂ ಓಡ್ತಾನೇ ಇದೆಯಲ್ಲ? ಆರಿಸಿಬಿಡು, ಪೆಟ್ರೋಲು ದಂಡ’ ಎಂದರು.